ಸುನಂದಮ್ಮ ಒಪ್ಪಿದ ಜಾಹೀರಾತು

ಹುಣಸೂರಿನ ಬಸ್ ಸ್ಟ್ಯಾಂಡಿಗೆ ಹೊಂದಿಕೊಂಡ ಗಲ್ಲಿಯಲ್ಲಿ, ಪಂಕ್ಚರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು, ದಿನಕ್ಕೆ ಎಪ್ಪತ್ತೆಂಬತ್ತು ಜಾಹೀರಾತುಗಳಿಗೆ ಹೂಂ ಅಥವಾ ಊಹೂಂ ಅನ್ನುವುದು ಸುನಂದಮ್ಮನ ಕೆಲಸ. ಇದೂ ಒಂದು ಕೆಲಸವೇ ಅಂತ ಮೂಗು ಮುರಿಯುವವರು ಇದ್ದಾರೆ. ಅಂಥವರು ನಿಂಗರಾಜು ಸತ್ತ ಕತೆಯನ್ನು ಮೊದಲು ಕೇಳಬೇಕು.

ಸುನಂದಮ್ಮನ ಧಣಿ ರಿಯಾಜ್. ಅವನ ತಂದೆ ನಿಜಾಮುದ್ದೀನ್ ಸಾಹೇಬರದು ಪ್ರಿಂಟಿಂಗ್ ಪ್ರೆಸ್ಸು. ಸುತ್ತಲ ಹಳ್ಳಿಗಳ ಮದುವೆ ಕಾರ್ಡು, ತಿಥಿ ಕಾರ್ಡು ಎಲ್ಲ ಅಲ್ಲೇ ಅಚ್ಚಾಗುತ್ತಿದ್ದವು. ಕಾರ್ಡು ಹಂಚುವವರು ಕಮ್ಮಿಯಾದ ಮೇಲೆ ಮಗ ಬೇರೆ ದಾರಿ ಹಿಡಿದ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಅಂತ ನಾಲ್ಕು ತಾಲ್ಲೂಕಿನ ಸರ್ಕಲ್ಲುಗಳಲ್ಲಿ ಹನ್ನೊಂದು ದೊಡ್ಡ ಎಲ್‌ಇಡಿ ಪರದೆ ನಿಲ್ಲಿಸಿ, ಅದಕ್ಕೆ 'ನಾಲ್ಕೂರು ಪರದೆ' ಅಂತ ಹೆಸರಿಟ್ಟ. ಯಾರು ಬೇಕಾದರೂ ಮನೆಯಲ್ಲೇ ಕೂತು, ಮೊಬೈಲಿನಲ್ಲಿ ಒಂದು ನಮೂನೆ ಆರಿಸಿ, ಫೋಟೋ ಹಾಕಿ, ದುಡ್ಡು ಕಟ್ಟಿದರೆ ಸಾಕು. ಹತ್ತು ನಿಮಿಷದಲ್ಲಿ ಅವರ ಜಾಹೀರಾತು ಸರ್ಕಲ್ಲಿನಲ್ಲಿ ಮಿಂಚುತ್ತಿತ್ತು. ನಡುವೆ ಮನುಷ್ಯರೇ ಇರಲಿಲ್ಲ. ಎಲ್ಲ ಮಿಷಿನ್ನೇ ನೋಡಿಕೊಳ್ಳುತ್ತೆ ಅಂತ ರಿಯಾಜ್ ಹೋದಲ್ಲಿ ಬಂದಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದ.

ನಿಂಗರಾಜು ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್ ಸರ್ಕಲ್ ಕಡೆಯ ಪಂಚಾಯ್ತಿ ಮೆಂಬರು. ಅವನ ಹುಟ್ಟುಹಬ್ಬಕ್ಕೆ ಗೆಳೆಯರು ಜಾಹೀರಾತು ಕೊಡಲು ಕೂತರು. ಹುಟ್ಟುಹಬ್ಬದ ನಮೂನೆಗಳು ಅವರಿಗೆ ಸಪ್ಪೆ ಅನ್ನಿಸಿದವು. ಪಕ್ಕದ ಸಾಲಿನ ಒಂದು ನಮೂನೆಯಲ್ಲಿ ಮಾತ್ರ ಎರಡು ಕಡೆ ದೀಪದ ಕಂಬ, ಫೋಟೋಕ್ಕೆ ಗುಂಡು ಮಲ್ಲಿಗೆ ಹಾರ, ಹಿಂದೆ ಮೋಡ, ಬೆಳಕು. ಗ್ರ್ಯಾಂಡಾಗಿದೆ ಅಂತ ಅದನ್ನೇ ಒತ್ತಿದರು. ಕೆಳಗೆ ತಮ್ಮ ಹದಿನಾಲ್ಕು ಮುಖಗಳನ್ನೂ ಸಾಲಾಗಿ ಜೋಡಿಸಿದರು. ಅದರ ತುದಿಯಲ್ಲಿ 'ಮತ್ತೆ ಹುಟ್ಟಿ ಬಾ ಅಣ್ಣ' ಅಂತ ಮೊದಲೇ ಅಚ್ಚಾಗಿದ್ದುದನ್ನು ಯಾರೂ ಓದಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸರಗೂರಿನಿಂದ ನಿಂಗರಾಜುವಿನ ಹೆಂಡತಿ ಕಡೆಯವರು ಟೆಂಪೋ ತುಂಬ ಹಾರ ಹಿಡಿದು ಎದೆ ಬಡಿದುಕೊಂಡು ಬಂದಿಳಿದರೆ, ನಿಂಗರಾಜು ಜಗುಲಿಯ ಮೇಲೆ ಕೂತು ನಾಟಿಕೋಳಿ ಮೂಳೆ ಚೀಪುತ್ತಿದ್ದ. ಅವನ ಅತ್ತೆ ಅಲ್ಲೇ ಎಚ್ಚರ ತಪ್ಪಿ ಬಿದ್ದಳು. ಅವಳು ಎದ್ದ ಮೇಲೆ ಎಲ್ಲರೂ ಸೇರಿ ರಿಯಾಜನ ಆಫೀಸಿಗೆ ಬಂದರು.

ಮೂರು ಗಂಟೆ ಬೈಸಿಕೊಂಡ ಮೇಲೆ ರಿಯಾಜನಿಗೆ ಜ್ಞಾನೋದಯವಾಯಿತು. "ಮಿಷಿನ್‌ಗೆ ಕಣ್ಣದೆ, ಮನಸ್ಸಿಲ್ಲ. ಇನ್ಮೇಲೆ ಮನುಷ್ಯರು ನೋಡ್ದೆ ಒಂದೂ ಪರದೆಗೆ ಹೋಗಂಗಿಲ್ಲ" ಅಂದ. ಬಂದ ಜಾಹೀರಾತೆಲ್ಲ ಒಂದು ಕಡೆ ತಡೆದು ನಿಲ್ಲುವ ಹಾಗೆ ಮಾಡಿಸಿದ. ಎರಡು ಬಟನ್ನು: ಹಸಿರು ಒತ್ತಿದರೆ ಒಪ್ಪಿಗೆ, ಕೆಂಪು ಒತ್ತಿದರೆ ವಾಪಸ್. ಕೆಂಪು ಒತ್ತಿದರೆ ಕಾರಣ ಬರೆಯಲೇಬೇಕು, ಬರೆಯದೆ ಮುಂದಕ್ಕೆ ಬಿಡುವುದಿಲ್ಲ. ಹೀಗೆ ಮನಸ್ಸಿರುವ ಮನುಷ್ಯರೇ ಬೇಕು ಅಂತ ಹುಡುಕಿ ಅವನು ತಂದು ಕೂರಿಸಿದ್ದು, ತನ್ನ ತಂದೆಯ ಪ್ರೆಸ್ಸಿನಲ್ಲಿ ಹತ್ತು ವರ್ಷ ಕಾರ್ಡು ಟೈಪು ಮಾಡುತ್ತಿದ್ದ ಸುನಂದಮ್ಮನನ್ನು. ಇದರಲ್ಲಿದ್ದ ತಮಾಷೆ ಪಾಪ ಅವನಿಗೆ ಗೊತ್ತಿರಲಿಲ್ಲ.

ಯಾಕೆಂದರೆ ಸುನಂದಮ್ಮನಿಗೆ ಏನೂ ಅನ್ನಿಸುತ್ತಿರಲಿಲ್ಲ. ಇದನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ. ಸಾರಿಗೆ ಉಪ್ಪಿಲ್ಲದಿದ್ದರೂ ಉಣ್ಣುತ್ತಿದ್ದಳು, ಹೆಚ್ಚಾಗಿದ್ದರೂ ಉಣ್ಣುತ್ತಿದ್ದಳು. ಹೋದ ವರ್ಷ ಅವರ ಮನೆಯ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಬೆಂಕಿ ಬಿದ್ದು ಊರೆಲ್ಲ ಕೊಡ ಹಿಡಿದು ಓಡಿಬಂದಾಗ, ಇವಳು ಹೊರಗೆ ಬಂದು ಒಂದು ಸಲ ನೋಡಿದಳು, ಒಳಗೆ ಹೋಗಿ ಒಲೆಯ ಮೇಲಿನ ಹಾಲು ಇಳಿಸಿದಳು, ಆಮೇಲೆ ಕೊಡ ತಂದಳು. ಗಟ್ಟಿಗಿತ್ತಿ ಅಂತ ನೆರೆಯವರು ಹೊಗಳಿದರು. ಅದು ಗಟ್ಟಿತನವಲ್ಲ ಅಂತ ಅವಳ ಗಂಡ ಶಿವಶಂಕರನಿಗೆ ಒಬ್ಬನಿಗೇ ಗೊತ್ತು. ಅವನು ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಆದರೆ ಕೆಲಸಕ್ಕೆ ಇದೇ ಅನುಕೂಲವಾಯಿತು ಅನ್ನಿ. ಅವಳು ಒಂದು ನೋಟ್‌ಬುಕ್ ತಂದು ಯಾವುದಕ್ಕೆ ಏನು ನೋಡಬೇಕು ಅಂತ ತಾನೇ ಬರೆದುಕೊಂಡಳು. ಸೈಟು ಮಾರಾಟಕ್ಕಿದ್ದರೆ ಖಾತೆಯ ನಕಲು ಬೇಕು. ಹೆಣ್ಣು ಕೊಡಿಸುತ್ತೇವೆ ಅನ್ನುವ ಬ್ರೋಕರು, ಮೂಲವ್ಯಾಧಿಗೆ ಒಂದೇ ಡೋಸು ಅನ್ನುವ ವೈದ್ಯ, ಇಬ್ಬರೂ ನೇರ ವಾಪಸ್. ಶ್ರದ್ಧಾಂಜಲಿ ಬಂದರೆ, ಕಳಿಸಿದವರನ್ನು ಬಿಟ್ಟು ಮನೆಯ ಇನ್ನೊಬ್ಬರಿಗೆ ಫೋನು ಮಾಡಿ ಖಾತ್ರಿ ಮಾಡಿಕೊಳ್ಳಬೇಕು. "ತೀರ್ಕೊಂಡಿರೋದು ನಿಜಾನಾ?" ಅಂತ ಅವಳು ಕೇಳುವುದು, ಆ ಕಡೆಯವರು ಹೋ ಅಂತ ಅಳುವುದು, ಅಳು ಮುಗಿಯುವ ತನಕ ಇವಳು ಪೆನ್ನು ಹಿಡಿದು ಕಾಯುವುದು, ಆಮೇಲೆ 'ನಿಜ' ಅಂತ ಬರೆದುಕೊಳ್ಳುವುದು. ಅವಳ ಜಾಗದಲ್ಲಿ ಬೇರೆ ಯಾರಿದ್ದರೂ ವಾರದೊಳಗೆ ಕೆಲಸ ಬಿಟ್ಟು ಓಡುತ್ತಿದ್ದರು.

ಕಾಣೆಯಾದವರ ಜಾಹೀರಾತಿಗೆ ಅವಳು ಒಂದು ಪುಟವನ್ನೇ ಮೀಸಲಿಟ್ಟಿದ್ದಳು. ಪೊಲೀಸು ದೂರಿನ ನಕಲು ಇರಬೇಕು. ಮನೆಯ ಇನ್ನೊಬ್ಬರು ಹೌದು ಅನ್ನಬೇಕು. ಪರದೆಯ ಮೇಲೆ ಮನೆಯವರ ನಂಬರು ಹಾಕಬಾರದು, ಆಫೀಸಿನ ನಂಬರೇ ಹಾಕಬೇಕು; ಪಿರಿಯಾಪಟ್ಟಣದ ಒಂದು ಮನೆಯವರಿಗೆ ಕೆಲಸವಿಲ್ಲದ ಪಡ್ಡೆಗಳು ಹಗಲೂ ರಾತ್ರಿ ಫೋನು ಮಾಡಿ ಗೋಳು ಹುಯ್ದುಕೊಂಡಿದ್ದರು. ಸುಳಿವು ಸಿಕ್ಕಿದರೆ ತಕ್ಷಣ ಮನೆಯವರಿಗೆ ತಿಳಿಸಬೇಕು. ಮೂರು ತಿಂಗಳಲ್ಲಿ ಒಂದೇ ಒಂದು ತಪ್ಪೂ ಆಗಲಿಲ್ಲ. ರಿಯಾಜ್ ಈಗ ಸುನಂದಕ್ಕನ ವಿಷಯದಲ್ಲಿ ಎದೆಯುಬ್ಬಿಸತೊಡಗಿದ.

ಈಗ ಅವಳ ಹಳೆಯ ವಿಷಯ ಹೇಳಲೇಬೇಕು. ಅವಳು ಹೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಸುನಂದಮ್ಮ ಗಾವಡಗೆರೆಯವಳು. ಇಪ್ಪತ್ತು ತುಂಬಿದಾಗ ಮನೆಯವರು ಸೋದರಮಾವ ಶಿವಶಂಕರನಿಗೇ ಅವಳನ್ನು ಕೊಡುವುದು ಅಂತ ಮಾತಾಡಿಕೊಂಡರು. ಅವನಿಗೆ ಇವಳಿಗಿಂತ ಹದಿನಾಲ್ಕು ವರ್ಷ ಹೆಚ್ಚು. ಒಲ್ಲೆ ಅಂತ ಇವಳು ಒಂದು ಸಲ ಅಂದಳು. ಕೇಳಿದವರಿಗೆ ತಾನೇ ಉತ್ತರ ಬೇಕಾಗುವುದು, ಅವಳನ್ನು ಯಾರೂ ಕೇಳಿರಲಿಲ್ಲ. ಒಂದು ಬೆಳಿಗ್ಗೆ ಮೈಸೂರಿಗೆ ಹೋಗಿ, ಜೊತೆಯಲ್ಲಿ ಓದಿದವಳ ರೂಮಿನಲ್ಲಿ ಉಳಿದುಕೊಂಡು, ಔಷಧಿ ಅಂಗಡಿಯೊಂದರಲ್ಲಿ ಚೀಟಿ ನೋಡಿ ಮಾತ್ರೆ ಎತ್ತಿಕೊಡುವ ಕೆಲಸಕ್ಕೆ ಸೇರಿದಳು. ಹುಡುಗ ಗಿಡುಗ ಯಾರೂ ಇರಲಿಲ್ಲ. ಹಾಗಂದರೆ ಇಂದಿಗೂ ಊರವರು ನಂಬುವುದಿಲ್ಲ.

ಅವಳಪ್ಪ ಕರಪತ್ರ ಹಾಕಿಸಿ ಬಸ್ಸುಗಳಲ್ಲಿ ಅಂಟಿಸಿದ. ಕಾಣೆಯಾಗಿದ್ದಾಳೆ, ಎಣ್ಣೆಗೆಂಪು ಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾಳೆ. ಹನ್ನೊಂದನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರು ಅವಳನ್ನು ಗುರುತು ಹಿಡಿದ. ಒಳ್ಳೆಯವನು. ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಕಾಫಿ ಕೊಡಿಸಿ, ಜೋಪಾನವಾಗಿ ತಂದು ಅಪ್ಪನ ಕೈಗೊಪ್ಪಿಸಿದ. ಮನೆಯಲ್ಲಿ ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ಯಾಕೆ ಹೋದೆ ಅಂತಲೂ ಕೇಳಲಿಲ್ಲ, ಇರುತ್ತೀಯಾ ಅಂತಲೂ ಕೇಳಲಿಲ್ಲ. ಹದಿನೇಳನೇ ದಿನಕ್ಕೆ ಧಾರೆಯಾಯಿತು. ಶಿವಶಂಕರ ಒಳ್ಳೆಯ ಗಂಡ. ಕೆಟ್ಟವನಾಗಿದ್ದರೆ ಕಡೇಪಕ್ಷ ಅವಳಲ್ಲಿ ಸಿಟ್ಟಾದರೂ ಉಳಿದಿರುತ್ತಿತ್ತು.

ಹೋದ ಶ್ರಾವಣದ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಗೋಬಿ ಅಂಗಡಿಯೊಂದರ ಪ್ರಾರಂಭೋತ್ಸವಕ್ಕೂ ಬಾಡಿಗೆಗಿರುವ ಬ್ಯಾರನ್ನಿಗೂ ನಡುವೆ ಆ ಜಾಹೀರಾತು ಬಂತು. ಹೆಸರು ಸೌಂದರ್ಯ, ವಯಸ್ಸು ಇಪ್ಪತ್ತೊಂದು, ಬಿ.ಕಾಂ. ಮುಗಿಸಿದ್ದಾಳೆ, ಊರು ಮಿರ್ಲೆ. ಕಳಿಸಿದವರು ತಂದೆ ಬಸವರಾಜು. ದೂರಿನ ನಕಲು ಇತ್ತು. ಫೋಟೋದಲ್ಲಿ ಹುಡುಗಿ ಕಾಲೇಜಿನ ಗೇಟಿನ ಮುಂದೆ ನಿಂತು, ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿದ್ದಳು. ನಿಯಮದ ಪ್ರಕಾರ ಸುನಂದಮ್ಮ ಅವಳ ತಾಯಿ ಕೆಂಪಾಜಮ್ಮನಿಗೆ ಫೋನು ಮಾಡಿದಳು.

"ನಿಮ್ಮ ಮಗಳು ಕಾಣೆಯಾಗಿರೋದು ನಿಜಾನಾ?"

"ಊ ಕಣವ್ವ. ಸೋಮಾರದಿಂದ ಇಲ್ಲ. ಬುಧವಾರ ಗಂಡಿನೋರು ಬರ್ಬೇಕಿತ್ತು. ಅಷ್ಟ್ರಲ್ಲಿ ಇಂಗ್ ಮಾಡ್ಬುಟ್ಳು."

"ಏನಾದ್ರೂ ತಗೊಂಡೋಗವ್ಳಾ?"

"ವಡವೆ ಗಿಡವೆ ಏನೂ ಮುಟ್ಟಿಲ್ಲ. ಮಾರ್ಕ್ಸ್ ಕಾರ್ಡು, ಆಧಾರ್ ಕಾರ್ಡು, ಎಲ್ಲಾವ ಒಂದು ಕವರ್‌ಗಾಕೊಂಡು ಓಗವ್ಳೆ."

ಸುನಂದಮ್ಮ ಅದನ್ನೆಲ್ಲ ಬರೆದುಕೊಂಡಳು. ದೂರು ಇದೆ, ತಾಯಿ ಹೌದು ಅಂದಿದ್ದಾಳೆ, ನಂಬರು ಆಫೀಸಿನದು. ಹಸಿರು ಒತ್ತಿ ಬ್ಯಾರನ್ನಿನ ಜಾಹೀರಾತಿಗೆ ಹೋದಳು.

ನನಗೆ ಇಲ್ಲಿ ಅವಳ ಮೇಲೆ ಕೆಟ್ಟ ಸಿಟ್ಟು ಬರುತ್ತದೆ. ಮಾರ್ಕ್ಸ್ ಕಾರ್ಡನ್ನು ಕವರಿಗೆ ಹಾಕಿಕೊಂಡು ಹೋದ ಹುಡುಗಿ ಕಾಣೆಯಾಗಿಲ್ಲ, ಹೊರಟಿದ್ದಾಳೆ ಅನ್ನುವುದು ಯಾರಿಗಾದರೂ ಹೊಳೆಯುತ್ತದೆ. ನಾಲ್ಕು ತಾಲ್ಲೂಕಿನಲ್ಲಿ ಅದು ಎಲ್ಲರಿಗಿಂತ ಮೊದಲು ಹೊಳೆಯಬೇಕಾಗಿದ್ದುದು ಇವಳಿಗೆ. ಮಿಷಿನ್ನಿಗೆ ಮನಸ್ಸಿಲ್ಲ ಅಂತ ಮನುಷ್ಯರನ್ನು ಕೂರಿಸಿ, ಅವರೂ ಕಾಗದ ಸರಿಯಿದೆಯಾ ಅಂತಷ್ಟೇ ನೋಡಿದರೆ, ಮಿಷಿನ್ನೇ ವಾಸಿಯಲ್ಲವೇ? ಅದಕ್ಕೆ ಸಂಬಳವಾದರೂ ಕೊಡಬೇಕಾಗಿಲ್ಲ.

ಹನ್ನೆರಡು ಗಂಟೆಯಿಂದ ಸೌಂದರ್ಯಳ ಮುಖ ಹನ್ನೊಂದು ಪರದೆಗಳಲ್ಲಿ ಆರು ನಿಮಿಷಕ್ಕೊಂದು ಸಲ ಬರತೊಡಗಿತು. ಎರಡೂವರೆಗೆ ಆಫೀಸಿನ ಫೋನು ಹೊಡೆದುಕೊಂಡಿತು.

"ನಾನು ಬೀರಮ್ಮ ಅಂತ, ಹ್ಯಾಂಡ್‌ಪೋಸ್ಟಲ್ಲಿ ಮುದ್ದೆ ಓಟ್ಲು ಮಡಗಿವ್ನಿ" ಅಂತು ಒಂದು ಗಟ್ಟಿ ದನಿ. "ನೀವಾಕಿರೋ ಆ ಉಡುಗಿ ನಮ್ಮನೇಲೇ ಔಳೆ. ಪಕ್ಕದ್ ಜೆರಾಕ್ಸ್ ಅಂಗ್ಡೀಲಿ ಮಂಗಳಾರದಿಂದ ಕೆಲ್ಸಕ್ಕೆ ಸೇರ್ಕೊಂಡು, ರಾತ್ರಿ ನನ್ ಜೊತೇಲಿ ಮಲಿಕತ್ತಿದ್ಲು. ಈಗ ಊಟಕ್ಕೆ ಬಂದೋಳು ಎದುರಿಗಿರೋ ಪರದೇಲಿ ತನ್ ಮಕಾನೇ ನೋಡ್ಬುಟ್ಟು, ಅಡ್ಗೆ ಮನೇಲಿ ಅಕ್ಕಿ ಚೀಲದ ಮ್ಯಾಲೆ ಕುಂತ್ಬುಟ್ಟವ್ಳೆ. ಈಚೆಗೇ ಬತ್ತಾಯಿಲ್ಲ. ನಾನು ಬಾಗ್ಲಿಗೆ ಚಿಲ್ಕ ಆಕಿವ್ನಿ. ಅವ್ರಪ್ಪ ಬರಗಂಟ ಮಡೀಕತ್ತೀನಿ, ಬೇಗ ಅವ್ರಿಗೆ ಏಳ್ಬುಡಿ. ಎತ್ತೋರ ಒಟ್ಟೆ ಎಷ್ಟ್ ಉರೀತದೋ ಪಾಪ."

ಸುನಂದಮ್ಮ ಇನ್ನೊಂದು ಫೋನಿನಲ್ಲಿ ಬಸವರಾಜುವಿನ ನಂಬರು ಒತ್ತತೊಡಗಿದಳು. ಸುಳಿವು ಸಿಕ್ಕಿದರೆ ತಕ್ಷಣ ಮನೆಯವರಿಗೆ. ಎಂಟು ಅಂಕಿ ಒತ್ತಿಯಾಗಿತ್ತು. ಚಿಲಕ ಅನ್ನುವ ಮಾತು ಅಷ್ಟು ಹೊತ್ತಿಗೆ ಅವಳ ತಲೆಗಿಳಿಯಿತು. ಬೀರಮ್ಮನಿಗೆ ಅಂದಳು, "ಫೋನು ಆ ಹುಡುಗಿ ಕೈಗೆ ಕೊಡಿ."

ಚಿಲಕ ತೆಗೆದ ಸದ್ದು, ಪಾತ್ರೆ ಸದ್ದು, ಆಮೇಲೆ ಹುಡುಗಿಯ ದನಿ. "ಯಾರು?"

"ನಾನು ಸುನಂದಮ್ಮ ಅಂತ. ನಿನ್ನ ಫೋಟೋ ಪರದೆಗೆ ಹಾಕಕ್ಕೆ ಒಪ್ಪಿಗೆ ಕೊಟ್ಟೋಳು."

"ಯಾಕಕ್ಕ ಕೊಟ್ರಿ? ನಾನೇನ್ ಕದ್ದಿದ್ನಾ?"

"ಎಲ್ಲಾ ಸರಿ ಇತ್ತು ಕಣಮ್ಮ. ದೂರಿನ ನಕಲಿತ್ತು. ನಿಮ್ಮಪ್ಪ ಕಳ್ಸಿದ್ರು. ನಿಮ್ಮವ್ವನ್ನೂ ಕೇಳ್ದೆ."

"ನನ್ನ ಕೇಳುದ್ರಾ?"

ಅಷ್ಟೇ ಅಂದದ್ದು. ಜೋಮು ಹಿಡಿದ ಕಾಲನ್ನು ನೆಲಕ್ಕೆ ಊರಿದಾಗ ಮೊದಲು ಬರುವುದು ನೋವೇ ತಾನೇ, ಹಾಗೆ ಸುನಂದಮ್ಮನ ಎದೆಯೊಳಗೆ ಎಲ್ಲೋ ಒಂದು ಕಡೆ ಚುಚ್ಚಿತು. ಇಪ್ಪತ್ತೆರಡು ವರ್ಷದ ಮೇಲೆ ಅವಳಿಗೆ ಏನೋ ಅನ್ನಿಸಿತು. ಅದು ಸುಖದ್ದೇನೂ ಆಗಿರಲಿಲ್ಲ. ಕಂಡಕ್ಟರು ಮಾಡಿದ ಕೆಲಸವನ್ನೇ ತಾನೂ ಮಾಡಿದ್ದೇನೆ, ಅದೂ ಒಂದು ಕಾಫಿಯನ್ನೂ ಕೊಡಿಸದೆ, ಅಂತ ಅವಳಿಗೆ ಗೊತ್ತಾಯಿತು.

"ನಾನು ಬತ್ತೀನಿ, ಅಲ್ಲೇ ಇರು. ಕವರು ಜೊತೇಲಿಟ್ಕೊ" ಅಂದಳು. ಬೀರಮ್ಮನಿಗೆ ಬಾಗಿಲು ತೆಗೆದೇ ಇಡುವಂತೆ ಹೇಳಿದಳು. ಆಮೇಲೆ ಬೆಳಿಗ್ಗೆ ಒಪ್ಪಿದ್ದ ಜಾಹೀರಾತನ್ನು ತೆರೆದು ಕೆಂಪು ಬಟನ್ನು ಒತ್ತಿದಳು. ಕಾರಣ ಬರೆಯಿರಿ ಅಂತ ಖಾಲಿ ಜಾಗ ಬಂತು. 'ಇವರು ಕಾಣೆಯಾಗಿಲ್ಲ, ಕೆಲಸದಲ್ಲಿದ್ದಾರೆ' ಅಂತ ಬರೆದಳು. ಹನ್ನೊಂದು ಸರ್ಕಲ್ಲುಗಳಲ್ಲಿ ಆ ಮುಖ ಹೋಗಿ ಸೀರೆ ಅಂಗಡಿ ಬಂತು.

ಬ್ಯಾಗು ಹೆಗಲಿಗೇರಿಸಿದವಳನ್ನು ನೋಡಿ ರಿಯಾಜ್ ಗಾಬರಿಯಾದ. "ಎಲ್ಲಿಗಕ್ಕ? ಹತ್ತೊಂಬತ್ತು ಜಾಹೀರಾತು ಕಾಯ್ತಾ ಇದಾವೆ. ಯಾರು ನೋಡ್ತಾರೆ?"

"ನೀನೇ ನೋಡು. ನಿಂಗೆ ಮನಸ್ಸಿಲ್ವಾ?" ಅಂದು ಮೆಟ್ಟಿಲಿಳಿದಳು. ಹತ್ತು ವರ್ಷದಲ್ಲಿ ಅವಳು ಆ ಕುಟುಂಬದವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಕೋಟೆ ಬಸ್ಸು ಸಿಕ್ಕಿ ಹ್ಯಾಂಡ್‌ಪೋಸ್ಟಿನಲ್ಲಿ ಇಳಿಯುವ ಹೊತ್ತಿಗೆ ನಾಲ್ಕು ಗಂಟೆ ದಾಟಿತ್ತು. ಹುಡುಗಿ ಫೋಟೋದಲ್ಲಿದ್ದುದಕ್ಕಿಂತ ಸಣ್ಣಗಿದ್ದಳು. ಓಡಿಹೋಗಿ ಬಚ್ಚಿಟ್ಟುಕೊಂಡರೆ ದೂರು ಹಾಗೇ ಉಳಿಯುತ್ತದೆ, ಇವತ್ತಲ್ಲ ನಾಳೆ ಇನ್ನೊಬ್ಬರು ಹಿಡಿದುಕೊಡುತ್ತಾರೆ ಅಂತ ಸುನಂದಮ್ಮ ಅವಳಿಗೆ ತಿಳಿಸಿ ಹೇಳಿದಳು. "ನಂಗೆ ಇಪ್ಪತ್ತೊಂದು ವರ್ಸ, ನಾನಾಗೇ ಬಂದಿವ್ನಿ ಅಂತ ಪೊಲೀಸರ ಮುಂದೆ ನೀನೇ ಹೇಳ್ಬೇಕು. ನಾನು ಪಕ್ಕದಲ್ಲೇ ಕೂತಿರ್ತೀನಿ." ಮುದ್ದೆ ಮಡಕೆಯನ್ನು ತಂಗಿಗೆ ಒಪ್ಪಿಸಿ ಬೀರಮ್ಮನೂ ಹೊರಟಳು. ಚಿಲಕ ಹಾಕಿದ್ದಕ್ಕೆ ಅವಳಿಗೆ ಒಳಗೊಳಗೇ ನಾಚಿಕೆಯಾಗಿತ್ತು, ಆದ್ದರಿಂದ ದಾರಿಯುದ್ದಕ್ಕೂ ಬಿಸಿಲನ್ನು ಬೈಯುತ್ತಾ ಬಂದಳು.

ಠಾಣೆಯಲ್ಲಿ ಪೇದೆಯೊಬ್ಬ ಕವರಿನಿಂದ ಮಾರ್ಕ್ಸ್ ಕಾರ್ಡು ತೆಗೆದು ಹುಟ್ಟಿದ ತಾರೀಕು ನೋಡಿದ, ದೂರು ಕೊಟ್ಟ ಠಾಣೆಗೂ ಬಸವರಾಜುವಿಗೂ ಫೋನು ಮಾಡಿದ. ತಂದೆಯೂ ಬರಲಿ, ಎದುರಿಗೇ ಹೇಳಿಕೆ ಬರೆದುಕೊಳ್ಳೋಣ ಅಂದ. ಮೂವರೂ ಬೆಂಚಿನ ಮೇಲೆ ಕಾದರು. ಸುನಂದಮ್ಮ ತನಗಾದದ್ದನ್ನು ಹುಡುಗಿಗೆ ಹೇಳಲಿಲ್ಲ. ಹೇಳಲು ಬಾಯಿ ತೆರೆದರೆ ಏನು ಬರುತ್ತದೋ ಅಂತ ಅವಳಿಗೇ ಹೆದರಿಕೆಯಾಗಿತ್ತು.

ಆರೂವರೆಗೆ ಬಸವರಾಜು ಬಾಡಿಗೆ ಕಾರಿನಲ್ಲಿ ಬಂದಿಳಿದ. ಕೂಗಾಡುವ ಮನುಷ್ಯನಲ್ಲ. ಮೂರು ರಾತ್ರಿ ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು, ಅಂಗಿಯ ಗುಂಡಿ ಮೇಲುಕೆಳಗಾಗಿತ್ತು. ಮಗಳನ್ನು ನೋಡಿ ಗೋಡೆ ಹಿಡಿದುಕೊಂಡು ನಿಂತ. ಅವನನ್ನು ನೆನೆದರೆ ನನಗೂ ಕರುಳು ಚುರುಕ್ ಅನ್ನುತ್ತದೆ, ಸುಳ್ಳು ಯಾಕೆ ಹೇಳಲಿ. ಯಾರು ಫೋನು ಮಾಡಿಸಿದ್ದು ಅಂತ ಪೇದೆಯನ್ನು ಕೇಳಿ, ಸುನಂದಮ್ಮನಿಗೆ ಎರಡೂ ಕೈ ಎತ್ತಿ ಮುಗಿದ.

"ನಿಮ್ಮಿಂದ ನನ್ ಮಗ ಸಿಕ್ತು ಕಣವ್ವ. ನಿಮ್ ಉಪ್ಕಾರ ಮರೆಯಕ್ಕಿಲ್ಲ." ಆಮೇಲೆ ಮಗಳ ಕಡೆ ತಿರುಗಿದ. "ಬಾ ಮಗ, ಮನೆಗೋಗಾನ. ಯಾರೂ ಏನೂ ಅನ್ನಕ್ಕಿಲ್ಲ."

ಸೌಂದರ್ಯ ಎದ್ದುಬಿಟ್ಟಳು. ಅಪ್ಪ ಕರೆದರೆ ಏಳುವ ಅಭ್ಯಾಸ, ಅವಳ ಕಾಲು ಅವಳ ಮಾತು ಕೇಳಲಿಲ್ಲ. ಕವರು ಬೆಂಚಿನ ಮೇಲೆಯೇ ಉಳಿಯಿತು. ಎರಡು ಹೆಜ್ಜೆ ಇಟ್ಟೂ ಆಗಿತ್ತು.

ಸುನಂದಮ್ಮ ಅವಳ ಕೈ ಹಿಡಿದಳು. "ಸೌಂದರ್ಯಾ, ನಿಂಗೆ ಓಗಕ್ಕೆ ಇಷ್ಟ ಅದಾ?" ಅಂದಳು.

ಪೇದೆ ಬರೆಯುವುದನ್ನು ನಿಲ್ಲಿಸಿದ. ಹುಡುಗಿ ಅಪ್ಪನನ್ನು ನೋಡಿದಳು, ನೆಲ ನೋಡಿದಳು. ಅಂಥಾ ಪ್ರಶ್ನೆಗೆ ಉತ್ತರ ಹೇಳಿ ಅವಳಿಗೆ ರೂಢಿಯಿರಲಿಲ್ಲ.

"ಇಲ್ಲ" ಅಂದಳು. "ನಾನು ಇಲ್ಲೇ ಕೆಲ್ಸ ಮಾಡ್ತೀನಿ ಅಪ್ಪಾಜಿ. ಗೌರಿ ಅಬ್ಬಕ್ಕೆ ಬತ್ತೀನಿ."

ಪೇದೆ ಅದನ್ನು ಹಾಗೇ ಬರೆದುಕೊಂಡು, ಹುಡುಗಿಯ ಸಹಿ ಹಾಕಿಸಿ, ಹಾಳೆಯನ್ನು ಬಸವರಾಜುವಿನ ಮುಂದೆ ತಳ್ಳಿದ. ಅವನು ಮುಟ್ಟಲಿಲ್ಲ. ಆ ಮನುಷ್ಯನಿಗೆ ಆಗ ಸಿಟ್ಟು ಬಂತು, ಅದೂ ಮಗಳ ಮೇಲಲ್ಲ.

"ಇದೇನ್ರೀ ಇಂಗೆ ಕೇಳ್ತೀರಿ? ಬರ್ತಿದ್ದೋಳ ಕೈ ಹಿಡ್ಕೊಂಡು? ನಿಮ್ಮನೆ ಮಗಳಾಗಿದ್ರೆ ಇಂಗೇ ಕೇಳ್ತಿದ್ರಾ?"

"ನಮ್ಮನೇಲಿ ಕೇಳ್ಲಿಲ್ಲ ಕಣಣ್ಣ" ಅಂದಳು ಸುನಂದಮ್ಮ. ದನಿ ಒಡೆಯಿತು, ಅವಳು ಅದನ್ನು ತಡೆಯಲಿಲ್ಲ. "ನನ್ನೂ ಇಂಗೇ ಹುಡುಕ್ಸಿ ಕರ್ಕೊಂಡೋದ್ರು. ಯಾರೂ ಏನೂ ಅನ್ಲಿಲ್ಲ. ಇಪ್ಪತ್ತೆಲ್ಡು ವರ್ಸ ಆಯ್ತು. ನಾನಿನ್ನೂ ಮನೆಗೆ ಬಂದಿಲ್ಲ."

ಬಸವರಾಜು ಅವಳ ಮುಖವನ್ನೇ ನೋಡಿದ. ಆಮೇಲೆ ಬೆಂಚಿನ ಮೇಲೆ ಕೂತು, ಎಲ್ಲಿ ಸಹಿ ಹಾಕಬೇಕು ಅಂತ ಪೇದೆಯನ್ನು ಕೇಳಿದ.